ಅಟ್ಟದ ಟ್ರಂಕು, ಟೀವಿ ಪಕ್ಕದ ಪೆಟ್ಟಿಗೆ

ಪುಸ್ತಕಕ್ಕೆ ವಿಮರ್ಶೆ ಬರೆಯುತ್ತಾರೆ, ನಾಟಕಕ್ಕೆ ಬರೆಯುತ್ತಾರೆ, ಸಿನಿಮಾಕ್ಕಂತೂ ಬಿಡುಗಡೆಯಾದ ದಿನವೇ ಬರೆಯುತ್ತಾರೆ. ಮನೆಗೆ ಬರುವ ಸಾಮಾನಿಗೆ ಮಾತ್ರ ವಿಮರ್ಶೆ ಇಲ್ಲ. ಜಾಹೀರಾತು ಇದೆ, ಗ್ಯಾರಂಟಿ ಕಾರ್ಡು ಇದೆ, ಪಕ್ಕದ ಮನೆಯವರ ಹೊಟ್ಟೆಕಿಚ್ಚು ಇದೆ, ವಿಮರ್ಶೆ ಇಲ್ಲ. ಮಿಕ್ಸರು, ಕುಕ್ಕರು, ಟೀವಿ ಇವೆಲ್ಲ ನಮ್ಮ ಹೆಂಗಸರ ದಿನಚರಿಯನ್ನು ಎಷ್ಟೋ ಕಾದಂಬರಿಗಳಿಗಿಂತ ಹೆಚ್ಚಾಗಿ ಬದಲಿಸಿವೆ. ಆದರೂ ಅವುಗಳ ಬಗ್ಗೆ ಗಂಭೀರವಾಗಿ ಬರೆಯುವುದು ಸಾಹಿತ್ಯದವರಿಗೆ ಸ್ವಲ್ಪ ಕಡಿಮೆಯೆನ್ನಿಸುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಒಂದು ಕೃತಿ ಏನು ಹೇಳಲು ಹೊರಟಿದೆ, ಅದನ್ನು ಎಷ್ಟು ಸಾಧಿಸಿದೆ, ಏನನ್ನು ಮರೆತಿದೆ ಎಂಬ ಮೂರು ಪ್ರಶ್ನೆಗಳನ್ನು ಪುಸ್ತಕಕ್ಕೆ ಕೇಳಬಹುದಾದರೆ ಪೆಟ್ಟಿಗೆಗೂ ಕೇಳಬಹುದು.

ಇಲ್ಲಿ ನಾನು ವಿಮರ್ಶೆಗೆ ಎತ್ತಿಕೊಂಡಿರುವುದು ಅಂಥ ಒಂದು ಪೆಟ್ಟಿಗೆಯನ್ನೇ. ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್ ಎಂಬುದು ಅದರ ಪೂರ್ತಿ ಹೆಸರು; ಮಕ್ಕಳು ಬಾಯ್ತುಂಬ ನ್ಯಾಸ್ ಎನ್ನುತ್ತಾರೆ. ಬಿಚ್ಚಿ ಹೇಳಿದರೆ ಇಷ್ಟೇ: ಪರದೆಯಿಲ್ಲದ, ಕೀಲಿಮಣೆಯಿಲ್ಲದ ಒಂದು ಸಣ್ಣ ಕಂಪ್ಯೂಟರು. ಹೊಟ್ಟೆಯೊಳಗೆ ಎರಡೋ ನಾಲ್ಕೋ ಹಾರ್ಡ್ ಡಿಸ್ಕುಗಳು. ಅದನ್ನು ಮನೆಯ ಇಂಟರ್‌ನೆಟ್ ರೂಟರಿಗೆ ಒಂದು ವಾಯರಿನಿಂದ ಕಟ್ಟಿಹಾಕುತ್ತಾರೆ. ಆಮೇಲೆ ಟೀವಿಯಿಂದಾಗಲಿ, ಅಡಿಗೆಮನೆಯಲ್ಲಿರುವ ಮೊಬೈಲಿನಿಂದಾಗಲಿ ಅದರೊಳಗಿರುವ ಹಾಡು, ಫೋಟೋ, ಸಿನಿಮಾಗಳನ್ನು ಕೇಳಬಹುದು, ನೋಡಬಹುದು. ಹೊರಗಿನ ಕಂಪನಿಗಳು ದೂರದ ಊರಿನಿಂದ ಕಳಿಸುವುದನ್ನು ಇದು ನಡುಮನೆಯಿಂದ ಕಳಿಸುತ್ತದೆ. ಪೂರ್ತಿ ಫೈಲು ಬರುವ ತನಕ ಕಾಯುವಂತಿಲ್ಲ. ನಲ್ಲಿ ನೀರಿನಂತೆ ಬಂದಷ್ಟು ಬಂದಷ್ಟನ್ನೇ ಕೇಳುತ್ತ ಹೋಗುವುದು.

ಇದು ನಮ್ಮ ಅಂಬೇವಾಡಿಗೆ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ದಾಂಡೇಲಿಯ ರೈಲು ನಿಲ್ದಾಣವಿರುವ ಈ ಊರನ್ನು ಹೊರಗಿನವರು ಕಾಡು, ಕಾಳಿ ನದಿ, ಪೇಪರ್ ಮಿಲ್ಲು ಎಂದು ಮೂರು ಶಬ್ದದಲ್ಲಿ ಮುಗಿಸುತ್ತಾರೆ. ಆದರೆ ಇಲ್ಲಿನ ಮನೆಗಳ ಅಟ್ಟದ ಮೇಲೆ ಟ್ರಂಕುಗಳಿವೆ, ಟ್ರಂಕುಗಳಲ್ಲಿ ಕ್ಯಾಸೆಟ್ಟುಗಳಿವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗದ ಈ ಸೀಮೆಯಲ್ಲಿ ಚಪ್ಪಲಿಗೆ ಬೂಷ್ಟು ಬರುತ್ತದೆ, ಚರ್ಮದ ಪರ್ಸಿಗೆ ಬರುತ್ತದೆ. ಕ್ಯಾಸೆಟ್ಟಿನ ಕಂದು ಫೀತೆಗೂ ಬಿಳಿ ಪುಡಿಯಂತೆ ಬರುತ್ತದೆ. ಒಮ್ಮೆ ಬಂತೆಂದರೆ ಟೇಪರೆಕಾರ್ಡರಿನ ತಲೆಗೂ ಅಂಟಿ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಫಿಲಿಪ್ಸ್ ಕಂಪನಿ ಈ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ನಮ್ಮ ಟ್ರಂಕುಗಳಲ್ಲಿರುವುದು ಹೆಚ್ಚಾಗಿ 1980 ಮತ್ತು 90ರ ದಶಕದವು. ಅವಕ್ಕೆ ಈಗ ಮೂವತ್ತು, ನಲವತ್ತು ವಯಸ್ಸು. ಅವು ನಮ್ಮ ತೀರ್ಮಾನಕ್ಕಾಗಿ ಕಾಯುವುದಿಲ್ಲ.

ನಮ್ಮ ಮನೆಯ ಟ್ರಂಕಿನಲ್ಲಿ 42 ಕ್ಯಾಸೆಟ್ಟುಗಳಿದ್ದವು. ಅವುಗಳಲ್ಲಿ 35 ಅಂಗಡಿಯಿಂದ ತಂದವು: ದಾಸರ ಪದ, ವಚನ, ರಾಜಕುಮಾರರ ಸಿನಿಮಾ ಹಾಡು, ಮರಾಠಿ ಅಭಂಗ. ಉಳಿದ ಏಳು ನಮ್ಮ ಅತ್ತೆಯವರ ದನಿ. ಅತ್ತೆಯವರ ತವರು ಸೂಪಾದ ಕಡೆಯ ಒಂದು ಹಳ್ಳಿ. ಕಾಳಿಗೆ ಅಡ್ಡವಾಗಿ ಸೂಪಾ ಅಣೆಕಟ್ಟು ಎದ್ದು 1980ರ ದಶಕದಲ್ಲಿ ನೀರು ನಿಂತಾಗ ಹಳೆಯ ಸೂಪಾ ಪಟ್ಟಣ ಮುಳುಗಿತು, ಸುತ್ತಲಿನ ಹಳ್ಳಿಗಳೂ ಮುಳುಗಿದವು. ಎಷ್ಟೋ ಮನೆತನಗಳು ರಾಮನಗರಕ್ಕೆ ಬಂದು ನೆಲೆಸಿದವು, ತಾಲೂಕಿಗೆ ಜೋಯಿಡಾ ಎಂಬ ಹೆಸರು ಉಳಿಯಿತು. ಧಾರವಾಡದ ಕಡೆಯಿಂದ ಸೊಸೆಯಾಗಿ ಬಂದ ನನಗೆ ಆ ಊರು ಗೊತ್ತಾದದ್ದು ಅತ್ತೆಯವರ ಹಾಡುಗಳಿಂದಲೇ. ಕೊಂಕಣಿಯಲ್ಲಿ ಫುಗಡಿಯ ಹಾಡು, ಅಕ್ಕಿ ಕುಟ್ಟುವ ಹಾಡು, ಮದುವೆಯ ಅರಿಶಿನದ ಹಾಡು. ನಡುನಡುವೆ ಯಾವುದೋ ಗದ್ದೆಯ ಹೆಸರು, ಹೊಳೆಗಿಳಿಯುವ ಒಂದು ದಾರಿಯ ಹೆಸರು, ಒಂದು ಮಾವಿನ ಮರದ ಹೆಸರು. ಆ ಹೆಸರುಗಳು ಈಗ ಯಾವ ನಕಾಶೆಯಲ್ಲೂ ಇಲ್ಲ. ಇರುವುದು 1991ರಲ್ಲಿ ನಮ್ಮವರು ಟೂ-ಇನ್-ವನ್ ಮುಂದಿಟ್ಟು ತುಂಬಿಸಿಕೊಂಡ ಆ ಏಳು ಕ್ಯಾಸೆಟ್ಟುಗಳಲ್ಲಿ.

ಪುಣೆಯಲ್ಲಿರುವ ಮಗ ಫೋನು ಮಾಡಿದ. "ಆಯಿ, ಮನೀಗೆ ನ್ಯಾಸ್ ಹಾಕಸೋಣು. ಎಷ್ಟ್ ಟೆರಾಬೈಟ್ ಬೇಕು ಹೇಳು. ಹದಿನಾರು ಹಾಕಿಬಿಡ್ಲೇನು?"

"ನನಗ ಆಜಿ ಹಾಡು ಬೇಕಪ್ಪಾ. ಅದಕ್ಕ ಎಷ್ಟು ಬೇಕು?" ಅಂದೆ.

ಅತ್ತ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದಕ್ಕೇನ್ ಭಾಳ ಬೇಕಾಗೂದಿಲ್ಲ ಆಯಿ" ಎಂದ.

ನನ್ನ ಮೊದಲನೆಯ ತಕರಾರು ಹುಟ್ಟುವುದು ಇಲ್ಲಿಯೇ. ಈ ಪೆಟ್ಟಿಗೆಗಳ ಬಗ್ಗೆ ಯಾರೇ ಸಲಹೆ ಕೊಟ್ಟರೂ ಮೊದಲು ಕೇಳುವುದು ಎಷ್ಟು ಜಾಗ ಬೇಕು ಎಂದು. ಅದು ಅಂಗಡಿಯವನ ಪ್ರಶ್ನೆ. ಮನೆಯವರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನಮ್ಮ ಮನೆಯಲ್ಲಿ ಮಾತ್ರ ಇರುವುದು, ಬೇರೆಲ್ಲೂ ಸಿಗದಿರುವುದು ಯಾವುದು? ಲೆಕ್ಕ ಹಾಕಿ ನೋಡೋಣ. ಲೆಕ್ಕ ನಮಗೇನೂ ಹೊಸದಲ್ಲ, ಹಾಲಿನ ಲೆಕ್ಕ, ಚೀಟಿ ಲೆಕ್ಕ ಮಾಡಿದವರೇ ನಾವು. ಸೀಡಿಯ ಗುಣಮಟ್ಟದಲ್ಲಿ, ಏನನ್ನೂ ಹಿಂಡಿ ಕಿರಿದು ಮಾಡದೆ ಇಟ್ಟರೆ, ಒಂದು ನಿಮಿಷದ ಹಾಡಿಗೆ ಸುಮಾರು 10 ಎಂಬಿ ಬೇಕು. ಒಂದು ಕ್ಯಾಸೆಟ್ಟು 60 ನಿಮಿಷ. ಏಳು ಕ್ಯಾಸೆಟ್ಟಿಗೆ 420 ನಿಮಿಷ, ಅಂದರೆ 4,200 ಎಂಬಿ, ನಾಲ್ಕು ಜಿಬಿ ಚಿಲ್ಲರೆ. ಫ್ಲಾಕ್ ಎಂಬ ವಿಧಾನದಲ್ಲಿ ಮಡಚಿಟ್ಟರೆ ದನಿಯ ಒಂದು ಎಳೆಯೂ ಕಳೆಯದೆ ಅದರ ಸುಮಾರು ಅರ್ಧದಲ್ಲಿ ಕೂಡುತ್ತದೆ. ಮಗ ಹೇಳಿದ 16 ಟೆರಾಬೈಟ್ ಎಂದರೆ 16,000 ಜಿಬಿ. ಅತ್ತೆಯವರ ಇಡೀ ದನಿ ಅದರ ಮೂರು ಸಾವಿರದಲ್ಲಿ ಒಂದು ಪಾಲೂ ಅಲ್ಲ.

ಮದುವೆಯ ವೀಡಿಯೋ ಕ್ಯಾಸೆಟ್ಟು ಮೂರಿದ್ದರೆ, ಒಂಬತ್ತು ತಾಸಿಗೆ ಡೀವೀಡಿ ಮಟ್ಟದಲ್ಲಿ 20 ಜಿಬಿ ಆಸುಪಾಸು. ಆಲ್ಬಮ್ಮಿನ 600 ಫೋಟೋಗಳನ್ನು ಸ್ಕ್ಯಾನು ಮಾಡಿಸಿ ಒಂದಕ್ಕೆ 5 ಎಂಬಿ ಹಿಡಿದರೂ 3 ಜಿಬಿ. ಮಕ್ಕಳ, ಮೊಮ್ಮಕ್ಕಳ ಮೊಬೈಲ್ ಫೋಟೋಗಳಿಗೆ ಧಾರಾಳವಾಗಿ 200 ಜಿಬಿ ಕೊಡಿ. ಎಲ್ಲ ಸೇರಿ ಒಂದು ಟೆರಾಬೈಟಿನ ಕಾಲು ಭಾಗ ತುಂಬುವುದಿಲ್ಲ. ಹಾಗಾದರೆ ಆ ಹದಿನಾರು ಯಾತಕ್ಕೆ? ಸಿನಿಮಾಗಳಿಗೆ. ಒಂದು ಫೋರ್-ಕೆ ಸಿನಿಮಾದ ಡಿಸ್ಕು 100 ಜಿಬಿಯ ತನಕ ಹಿಡಿಯುತ್ತದೆ. ಜಗತ್ತಿನಲ್ಲಿ ಲಕ್ಷ ಕಡೆ ಸಿಗುವುದಕ್ಕೆ ಹದಿನಾರು ಪಾಲು, ಒಂದೇ ಕಡೆ ಸಿಗುವುದಕ್ಕೆ ಕಾಲು ಪಾಲು. ಸಿನಿಮಾ ಇಡಬೇಡಿ ಎಂದು ನಾನು ಹೇಳುತ್ತಿಲ್ಲ. ದುಡ್ಡು ಕೊಟ್ಟು ಕೊಂಡ ಸೀಡಿ, ಡೀವೀಡಿ ಇದ್ದರೆ ಇಟ್ಟುಕೊಳ್ಳಲಿ. ಕಂಡವರ ಸಿನಿಮಾ ನಕಲು ಮಾಡಿ ತುಂಬುವುದು ಬೇರೆ ಮಾತು; ಅದಕ್ಕೆ ಕಾನೂನಿದೆ. ನನ್ನ ತಕರಾರು ಪಾಲಿನದು. ಪೆಟ್ಟಿಗೆ ಕೊಳ್ಳುವ ಮೊದಲು ಅಟ್ಟ ಹತ್ತಬೇಕು, ಅಂಗಡಿಗೆ ಆಮೇಲೆ ಹೋಗಬೇಕು.

ಎರಡನೆಯದು ದುಭಾಷಿಯ ಪ್ರಶ್ನೆ. ನಮ್ಮ ದಾಂಡೇಲಿ ಪೇಟೆಗೆ ಬಂದವರಿಗೆ ಗೊತ್ತು, ಒಂದು ಕಿಲೋ ಬದನೆಕಾಯಿ ಕೊಳ್ಳುವಷ್ಟರಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು ಎಲ್ಲ ಕಿವಿಗೆ ಬೀಳುತ್ತವೆ. ಫೈಲುಗಳಿಗೂ ಹೀಗೆ ಬೇರೆಬೇರೆ ಭಾಷೆ. ಪೆಟ್ಟಿಗೆಯಲ್ಲಿರುವ ವೀಡಿಯೋದ ಭಾಷೆ ನಿಮ್ಮ ಟೀವಿಗೆ ತಿಳಿದರೆ ಪೆಟ್ಟಿಗೆ ಸುಮ್ಮನೆ ಎತ್ತಿ ಕೊಡುತ್ತದೆ. ತಿಳಿಯದಿದ್ದರೆ ಪೆಟ್ಟಿಗೆಯೇ ನಿಂತ ನಿಲುವಿನಲ್ಲಿ ಅನುವಾದ ಮಾಡಬೇಕು. ಇದನ್ನು ಟ್ರಾನ್ಸ್‌ಕೋಡಿಂಗ್ ಎನ್ನುತ್ತಾರೆ. ಈ ದುಭಾಷಿಯ ಕೆಲಸಕ್ಕೆ ಬಲವಾದ ಪ್ರೊಸೆಸರು ಬೇಕು, ಬಲವಾದ ಪ್ರೊಸೆಸರಿಗೆ ಹೆಚ್ಚು ದುಡ್ಡು ಬೇಕು. ಸಲಹೆ ಕೊಡುವವರು ದೊಡ್ಡ ಪೆಟ್ಟಿಗೆಯನ್ನೇ ಕೊಳ್ಳಿ ಎನ್ನುವುದು ಇದೇ ಕಾರಣಕ್ಕೆ. ಆದರೆ ಎಲ್ಲ ಟೀವಿಗಳಿಗೂ ತಿಳಿಯುವ ಭಾಷೆಯಲ್ಲೇ ಫೈಲನ್ನು ಇಟ್ಟರೆ ದುಭಾಷಿಗೆ ಸಂಬಳ ಕೊಡುವುದು ತಪ್ಪುತ್ತದೆ. ವೀಡಿಯೋಕ್ಕೆ ಎಚ್.264 ಎಂಬ ವಿಧಾನದ ಎಂಪಿ4 ಫೈಲು, ಫೋಟೋಕ್ಕೆ ಜೆಪೆಗ್, ಕೇಳುವ ಹಾಡಿಗೆ ಎಂಪಿ3, ಜೋಪಾನದ ಮೂಲಪ್ರತಿಗೆ ಫ್ಲಾಕ್. ಇಷ್ಟಾದರೆ ಕಡಿಮೆ ಬೆಲೆಯ ಎರಡು ಡಿಸ್ಕಿನ ಪೆಟ್ಟಿಗೆ ಸಾಕು. ಕ್ಯಾಸೆಟ್ಟಿನ ಹಾಡು ಹಿಂಡದೆ ಹರಿದರೂ ಸೆಕೆಂಡಿಗೆ ಒಂದೂವರೆ ಮೆಗಾಬಿಟ್ ದಾಟುವುದಿಲ್ಲ. ಸಾಧಾರಣ ಎಚ್‌ಡಿ ಸಿನಿಮಾಕ್ಕೆ ಎಂಟು ಹತ್ತು. ವಾಯರು ಸಾವಿರ ಹೊರುತ್ತದೆ.

ವೈಫೈಯನ್ನು ಮಾತ್ರ ಅಷ್ಟು ನಂಬಬೇಡಿ. ನಮ್ಮ ಕಡೆಯ ಕೆಂಪುಕಲ್ಲಿನ ಗೋಡೆಗಳು ದಪ್ಪ. ವೈಫೈಯ 5 ಗಿಗಾಹರ್ಟ್ಸ್ ಅಲೆ ಚುರುಕು, ಆದರೆ ಗೋಡೆ ಕಂಡರೆ ಸುಸ್ತಾಗುತ್ತದೆ, 2.4ರ ಅಲೆ ನಿಧಾನ, ಆದರೆ ದೂರ ಹೋಗುತ್ತದೆ. ಟೀವಿಗೂ ಪೆಟ್ಟಿಗೆಗೂ ವಾಯರು, ಅಡಿಗೆಮನೆಯ ಮೊಬೈಲಿಗೆ ವೈಫೈ ಎಂದಿಟ್ಟುಕೊಂಡರೆ ಜಗಳವಿಲ್ಲ.

ಮೂರನೆಯದು ಡಿಸ್ಕಿನ ಮಾತು. ಇದರಲ್ಲಿ ಒಂದು ಒಳಗುಟ್ಟಿದೆ. ಹಾರ್ಡ್ ಡಿಸ್ಕಿನಲ್ಲಿ ಬರೆಯುವ ರೀತಿ ಎರಡು. ಒಂದರಲ್ಲಿ ಸಾಲುಗಳು ಹೊಲದ ಸಾಲಿನಂತೆ ಪಕ್ಕಪಕ್ಕ. ಅದಕ್ಕೆ ಸಿಎಂಆರ್ ಎಂದು ಹೆಸರು. ಇನ್ನೊಂದರಲ್ಲಿ ಮಾಡಿನ ಹೆಂಚಿನಂತೆ ಒಂದರ ಅಂಚಿನ ಮೇಲೆ ಇನ್ನೊಂದು, ಅದು ಎಸ್‌ಎಂಆರ್. ಹೆಂಚು ಹೊದಿಸಿದ ಮಾಡಿನಲ್ಲಿ ನಡುವಿನದೊಂದನ್ನು ಬದಲಿಸಬೇಕಾದರೆ ಅಕ್ಕಪಕ್ಕದ್ದನ್ನೂ ಎತ್ತಬೇಕಲ್ಲವೇ? ಹಾಗೆಯೇ ಎಸ್‌ಎಂಆರ್ ಡಿಸ್ಕು ತಿದ್ದಿ ಬರೆಯುವಾಗ ಏದುಸಿರು ಬಿಡುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ, ಇಂಥ ಪೆಟ್ಟಿಗೆಗಳಿಗಾಗಿಯೇ ಮಾರುತ್ತಿದ್ದ ತನ್ನ ರೆಡ್ ಡಿಸ್ಕುಗಳಲ್ಲಿ ಕೆಲವು ಎಸ್‌ಎಂಆರ್ ಎಂದು ಒಪ್ಪಿಕೊಳ್ಳಬೇಕಾಯಿತು. ಅಲ್ಲಿಯ ತನಕ ಕೊಂಡವರಿಗೆ ಅದನ್ನು ಹೇಳಿರಲಿಲ್ಲ. ಪೆಟ್ಟಿಗೆ ಮಾಡುವವರೂ ಕಡಿಮೆಯಿಲ್ಲ. 2025ರಲ್ಲಿ ತೈವಾನಿನ ಸಿನಾಲಜಿ ಕಂಪನಿ ತನ್ನ ಹೊಸ ಪೆಟ್ಟಿಗೆಗಳಿಗೆ ತಾನು ಒಪ್ಪಿದ ಡಿಸ್ಕುಗಳನ್ನೇ ಹಾಕಬೇಕೆಂದು ಕಟ್ಟು ಮಾಡಿತು. ಗಿರಾಕಿಗಳು ಗಲಾಟೆ ಮಾಡಿದ ಮೇಲೆ ಅದೇ ವರ್ಷ ಅಕ್ಟೋಬರಿನಲ್ಲಿ ಸಡಿಲಿಸಿತು. ಆದ್ದರಿಂದ ಡಿಸ್ಕು ಕೊಳ್ಳುವಾಗ ಸಿಎಂಆರ್ ಹೌದೋ ಅಲ್ಲವೋ ಎಂದು ಕೇಳಿಯೇ ಕೊಳ್ಳಬೇಕು. ಅಂಗಡಿಯವ ತಲೆ ಕೆರೆದುಕೊಂಡರೆ ಬೇರೆ ಅಂಗಡಿ ನೋಡಬೇಕು.

ಇನ್ನು ಈ ಪೆಟ್ಟಿಗೆಯ ಬಗ್ಗೆ ಎಲ್ಲಕ್ಕಿಂತ ದೊಡ್ಡ ಭ್ರಮೆ. ಎರಡು ಡಿಸ್ಕು ಹಾಕಿದರೆ ಬರೆದದ್ದೆಲ್ಲ ಎರಡರಲ್ಲೂ ಏಕಕಾಲಕ್ಕೆ ಮೂಡುತ್ತದೆ. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ರೇಡ್ ಎಂದು ಇದರ ಹೆಸರು. "ಇನ್ನ ಚಿಂತಿ ಇಲ್ಲ ಬಿಡ್ರಿ ವೈನಿ, ಎರಡ ಕಾಪಿ ಆದ್ವಲ್ಲ" ಎಂದು ನೆರೆಮನೆಯವರು ಸಮಾಧಾನ ಹೇಳಿದರು. ಎರಡು ಪ್ರತಿ ಆಗಿಲ್ಲ. ಒಂದೇ ಪ್ರತಿ ಎರಡು ಕಾಲಿನ ಮೇಲೆ ನಿಂತಿದೆ, ಅಷ್ಟೇ. ಮೊಮ್ಮಗ ಬೆರಳಾಡಿಸಿ ಒಂದು ಹಾಡು ಅಳಿಸಿದರೆ ಎರಡು ಡಿಸ್ಕಿನಿಂದಲೂ ಅಳಿಯುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗುಮಳೆಯಲ್ಲಿ ಸಿಡಿಲು ವಾಯರಿನೊಳಗಿಂದ ಬಂದರೆ ಎರಡೂ ಒಟ್ಟಿಗೇ ಹೋಗುತ್ತವೆ. ಇಂಟರ್‌ನೆಟ್ಟಿಗೆ ಬಾಗಿಲು ತೆರೆದಿಟ್ಟರೆ ಇನ್ನೂ ಅಪಾಯ: 2021ರ ಜೂನ್‌ನಲ್ಲಿ ಮೈ ಬುಕ್ ಲೈವ್ ಎಂಬ ಹಳೆಯ ಪೆಟ್ಟಿಗೆಗಳನ್ನು ಹೊರಗಿನವರು ನುಗ್ಗಿ ಖಾಲಿ ಮಾಡಿದರು, ದೇಶದೇಶಗಳ ಜನ ಬೆಳಗಾಗುವಷ್ಟರಲ್ಲಿ ವರ್ಷಗಟ್ಟಲೆಯ ಫೋಟೋ ಕಳೆದುಕೊಂಡರು. 2022ರ ಜನವರಿಯಲ್ಲಿ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ಬೀಗ ಜಡಿದು ಹಣ ಕೇಳಿದರು. ದೂರದಿಂದ ನೋಡುವ ಸೌಲಭ್ಯ ಚೆಂದವೇ. ಆದರೆ ಮನೆಯ ಹಿತ್ತಿಲ ಬಾಗಿಲನ್ನು ಯಾರೂ ರಾತ್ರಿಯಿಡೀ ತೆರೆದಿಡುವುದಿಲ್ಲ.

ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ ಇದಕ್ಕೊಂದು ಸೂತ್ರವನ್ನು ಪ್ರಚಾರಕ್ಕೆ ತಂದ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ. ಈ ಸೂತ್ರವನ್ನು ಓದಿದಾಗ ನನಗೆ ನಗು ಬಂತು. ಇದು ನಮ್ಮ ಹೆಂಗಸರಿಗೆ ಯಾವಾಗಿನಿಂದಲೋ ಗೊತ್ತು. ಹೀರೆಬೀಜವನ್ನು ಬೂದಿಯಲ್ಲಿ ಹೊರಳಿಸಿ ಡಬ್ಬಿಯಲ್ಲೊಂದಿಷ್ಟು, ಒಲೆಯ ಮೇಲಿನ ಜಂತಿಗೆ ಗಂಟು ಕಟ್ಟಿ ಒಂದಿಷ್ಟು, ತವರಿಗೋ ಮಗಳ ಮನೆಗೋ ಒಂದಿಷ್ಟು. ಒಂದು ವರ್ಷ ನಮ್ಮಲ್ಲಿ ಕೊಳೆತರೆ ಮಗಳು ತಂದು ಕೊಡುತ್ತಾಳೆ. ಜೋಯಿಡಾದಲ್ಲಿ ಕುಣಬಿ ಜನ ನಡೆಸುವ ಗೆಡ್ಡೆಗೆಣಸಿನ ಮೇಳಕ್ಕೆ ಹೋದವರು ನೋಡಿರಬಹುದು. ಅಷ್ಟೊಂದು ಬಗೆಯ ಗೆಡ್ಡೆಗಳು ಉಳಿದಿರುವುದು ಯಾವ ಉಗ್ರಾಣದಲ್ಲೂ ಅಲ್ಲ, ವರ್ಷವರ್ಷವೂ ಮತ್ತೆ ನೆಟ್ಟದ್ದರಿಂದ. ಡಿಸ್ಕಿನ ಆಯುಷ್ಯವೂ ಹಾಗೆಯೇ. ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ನಾಟಿ ಮಾಡುತ್ತಿರಬೇಕು. ಒಮ್ಮೆ ತುಂಬಿಟ್ಟು ಮರೆತರೆ ಉಳಿಯುವ ವಸ್ತು ಇದಲ್ಲ.

ಕರೆಂಟಿನ ಮಾತನ್ನೂ ಆಡಿಬಿಡಬೇಕು. ಎರಡು ಡಿಸ್ಕಿನ ಪೆಟ್ಟಿಗೆ ಸುಮಾರು 20 ವ್ಯಾಟ್ ತಿನ್ನುತ್ತದೆ ಎಂದುಕೊಳ್ಳಿ. ಹಗಲೂ ರಾತ್ರಿ ಉರಿದರೆ ತಿಂಗಳಿಗೆ 14 ಯೂನಿಟ್ಟಿಗೂ ಸ್ವಲ್ಪ ಹೆಚ್ಚು. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ನಮ್ಮ ಹಿಂದಿನ ಸರಾಸರಿಯ ಮೇಲೆ ನೂರಕ್ಕೆ ಹತ್ತು ಮಾತ್ರ ಹೆಚ್ಚಿಗೆ ಸಿಗುತ್ತದೆ. ತಿಂಗಳಿಗೆ 90 ಯೂನಿಟ್ ಉರಿಸುತ್ತಿದ್ದ ಮನೆಗೆ ಆ ಹೆಚ್ಚಿಗೆ 9 ಯೂನಿಟ್. ಪೆಟ್ಟಿಗೆಯೊಂದೇ ಅದನ್ನು ದಾಟಿ, ಮೇಲಿನದಕ್ಕೆ ಬಿಲ್ಲು ಬರುತ್ತದೆ. ಅಂಥ ಮನೆಯವರು ಪೆಟ್ಟಿಗೆಯನ್ನು ರಾತ್ರಿ ತಾನಾಗಿ ಮಲಗಿ ಬೆಳಿಗ್ಗೆ ತಾನಾಗಿ ಏಳುವಂತೆ ಹೊಂದಿಸಿಟ್ಟರೆ ಅರ್ಧ ಉಳಿಯುತ್ತದೆ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಫೈಲು ಕೆಡುವ ಭಯವಿದೆ. ಆದ್ದರಿಂದ ಒಂದು ಸಣ್ಣ ಯುಪಿಎಸ್ ಬೇಕೇ ಬೇಕು, ಅದೂ ಪೆಟ್ಟಿಗೆಗೆ ವಾಯರು ಜೋಡಿಸಿ "ನಾನು ಮುಗಿಯುತ್ತ ಬಂದೆ, ನೀನು ಮಲಗು" ಎಂದು ಹೇಳಬಲ್ಲಂಥದ್ದು. ಇಲ್ಲೊಂದು ಮಾತು ಮನಸ್ಸಿಗೆ ಬಾರದೆ ಇರದು. ಸೂಪಾದಲ್ಲಿ ನಿಂತ ನೀರೇ ಮುಂದೆ ನಾಗಝರಿಯಲ್ಲಿ ಕರೆಂಟಾಗುವುದು. ಅತ್ತೆಯವರ ಊರನ್ನು ಮುಳುಗಿಸಿದ ನೀರು, ಅವರ ಹಾಡನ್ನು ಇವತ್ತು ನುಡಿಸುವ ಪೆಟ್ಟಿಗೆಗೂ ಅನ್ನ ಹಾಕುತ್ತಿದೆ. ಇದಕ್ಕೆ ಸಿಟ್ಟಾಗಬೇಕೋ ಕೃತಜ್ಞಳಾಗಬೇಕೋ ನನಗೆ ತಿಳಿಯದು.

ಇಷ್ಟೆಲ್ಲ ಆಕ್ಷೇಪಗಳನ್ನು ಕ್ಷಮಿಸಬಹುದು. ಕ್ಷಮಿಸಲಾಗದ್ದು ಒಂದಿದೆ. ಹಾಡುಗಳನ್ನೆಲ್ಲ ತುಂಬಿ ಟೀವಿ ಹಚ್ಚಿದಾಗ ಸಿನಿಮಾಗಳಿಗೆ ಬಣ್ಣಬಣ್ಣದ ಪೋಸ್ಟರು, ನಟನಟಿಯರ ಹೆಸರು, ವರ್ಷ ಎಲ್ಲ ತಾನಾಗಿಯೇ ಮೂಡಿದವು. ಜೆಲ್ಲಿಫಿನ್, ಪ್ಲೆಕ್ಸ್ ಮುಂತಾದ ತಂತ್ರಾಂಶಗಳು ಇಂಟರ್‌ನೆಟ್ಟಿನ ಪಟ್ಟಿಗಳಿಂದ ಇದನ್ನೆಲ್ಲ ತಂದು ಅಂಟಿಸುತ್ತವೆ. ಅತ್ತೆಯವರ ಹಾಡುಗಳ ಮುಂದೆ ಬೂದುಬಣ್ಣದ ಒಂದು ಚೌಕ, ಅದರ ಕೆಳಗೆ ಇಂಗ್ಲಿಷಿನಲ್ಲಿ ಎರಡು ಶಬ್ದ. ಅದರ ಅರ್ಥ: ಅಪರಿಚಿತ ಕಲಾವಿದರು. ಯಾರಿಗೆ ಅಪರಿಚಿತರು? ಈ ಮನೆಯ ಹೊಸ್ತಿಲನ್ನು ನಲವತ್ತು ವರ್ಷ ಸಾರಿಸಿದವರು, ಈ ಗೋಡೆಗಳ ನಡುವೆಯೇ ಹಾಡಿದವರು, ಇದೇ ಮನೆಯ ಟೀವಿಯಲ್ಲಿ ಅಪರಿಚಿತರು! ಯಂತ್ರದ ತಪ್ಪಲ್ಲ ಅದು. ಅದಕ್ಕೆ ಹೆಸರು ಹೇಳಿಕೊಟ್ಟವರಿರಲಿಲ್ಲ. ಆದರೆ ಯಂತ್ರಕ್ಕೆ ಯಾವುದು ಗೊತ್ತಿದೆ, ಯಾವುದು ಗೊತ್ತಿಲ್ಲ ಎಂಬುದರಲ್ಲೇ ಅದನ್ನು ಮಾಡಿದವರ ಮನಸ್ಸಿದೆ. ಮಾರಾಟಕ್ಕೆ ಬಂದದ್ದಕ್ಕೆ ಹೆಸರುಂಟು, ಮನೆಯಲ್ಲಿ ಹಾಡಿದ್ದಕ್ಕೆ ಇಲ್ಲ.

ಈ ಕಥೆ ಹಳೆಯದು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡ. ಮೂರು ನಿಮಿಷದ ಹಾಡು ಮುಗಿಯುತ್ತಲೇ ಆಕೆ ಇಂಗ್ಲಿಷಿನಲ್ಲಿ "ನನ್ನ ಹೆಸರು ಗೌಹರ್ ಜಾನ್" ಎಂದು ಕೂಗಿ ಹೇಳುತ್ತಿದ್ದರು. ತಟ್ಟೆಗಳು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಹಾಡಿದವರು ಯಾರೆಂದು ತಿಳಿದು ಚೀಟಿ ಅಂಟಿಸಲು ಇದು ದಾರಿ. ನಮ್ಮ ಗಂಗೂಬಾಯಿ ಹಾನಗಲ್ ಅವರ ಹೆಸರು 1930ರ ದಶಕದ ಮೊದಮೊದಲ ತಟ್ಟೆಗಳಲ್ಲಿ ಗಾಂಧಾರಿ ಎಂದಿತ್ತು. ತಟ್ಟೆಯ ಮೇಲಿನ ಒಂದು ಚೀಟಿ ಹೆಣ್ಣಿನ ದನಿಗೆ ಎಷ್ಟು ಮುಖ್ಯ ಎಂಬುದಕ್ಕೆ ಇವು ಸಾಕ್ಷಿ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಲ್ಲೂ ಹಾಡಿಗೆ ಮೊದಲು ಹಾಡುವವರ ಹೆಸರು ಹೇಳುತ್ತಿದ್ದರು. ಅಡಿಗೆ ಮಾಡುತ್ತ ಕೇಳಿಕೇಳಿಯೇ ನಮಗೆ ಮನ್ಸೂರರೂ ರಾಜಗುರುಗಳೂ ಮನೆಯವರಂತಾದದ್ದು. ಅಂಕೋಲೆಯ ಸುಕ್ರಿ ಬೊಮ್ಮಗೌಡ ಅವರು ಹಾಲಕ್ಕಿ ಹಾಡುಗಳನ್ನು ನೆನಪಿನಲ್ಲೇ ಹೊತ್ತು ನಡೆದರು. 2017ರಲ್ಲಿ ಪದ್ಮಶ್ರೀ ಬಂತು, ಹೆಸರು ನಾಡಿಗೆಲ್ಲ ತಿಳಿಯಿತು; 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಬರೆದವು. ಹೆಸರು ಬಾರದೆ ಹೋದ ಹಾಡುಗಾರ್ತಿಯರು ಪ್ರತಿ ಊರಿನಲ್ಲೂ ಇದ್ದಾರೆ. ಅವರ ಚೀಟಿಯನ್ನು ಬರೆಯುವ ಕೆಲಸ ಸರಕಾರದ್ದಲ್ಲ, ಕಂಪನಿಯದೂ ಅಲ್ಲ. ಟ್ರಂಕಿನ ಕೀಲಿ ಇರುವವರದು.

ಆದ್ದರಿಂದ ಕ್ಯಾಸೆಟ್ಟನ್ನು ಫೈಲು ಮಾಡುವಾಗ ಒಂದು ಪದ್ಧತಿ ಇಟ್ಟುಕೊಳ್ಳುವುದು ಒಳ್ಳೆಯದು. ಟೇಪಿನ ತಲೆಯನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಬೇಕು. ಬೂಷ್ಟು ಬಂದ ಕ್ಯಾಸೆಟ್ಟನ್ನು ಕೊನೆಗೆ ಇಡಬೇಕು, ಬೇರೆಯದರ ಜೊತೆ ಬೆರೆಸಬಾರದು. ಸ್ಪೀಕರಿನ ಮುಂದೆ ಮೊಬೈಲು ಹಿಡಿದು ತುಂಬಿಸಿಕೊಂಡರೆ ಫ್ಯಾನಿನ ಸದ್ದೂ ಬರುತ್ತದೆ. ಟೇಪಿನಿಂದ ಕಂಪ್ಯೂಟರಿಗೆ ನೇರ ವಾಯರು ಹಾಕಬೇಕು. ಸದ್ದು ಗದ್ದಲ ತೆಗೆಯುವ ಉತ್ಸಾಹ ಬೇಡ. ನಮ್ಮ ಅತ್ತೆಯವರ ಹಾಡಿನ ಹಿಂದೆ ಬಳೆಯ ಸದ್ದಿದೆ, ಹೊರಗೆ ಮಳೆಯಿದೆ, ಮಗು ಅಳುವುದಿದೆ. ಅವೂ ಆ ಊರಿನವೇ. ಪ್ರತಿ ಫೈಲಿನ ಹೆಸರಿನಲ್ಲೇ ಹಾಡಿದವರು, ಹಾಡಿನ ಸಂದರ್ಭ, ಊರು, ವರ್ಷ ಇರಲಿ. ಅದಕ್ಕೂ ಮೊದಲು, ಗೌಹರ್ ಜಾನ್ ಮಾಡಿದಂತೆ, ನಿಮ್ಮದೇ ದನಿಯಲ್ಲಿ ಹಾಡಿನ ಆರಂಭಕ್ಕೆ ಒಂದು ಮಾತು ಸೇರಿಸಿಡಿ: ಇದು ಇಂಥವರು, ಇಂಥ ಊರಿನವರು, ಇಂಥ ವರ್ಷ ಹಾಡಿದ್ದು. ತಂತ್ರಾಂಶ ಬದಲಾದರೂ, ಫೈಲಿನ ಹೆಸರು ಅಳಿಸಿದರೂ ದನಿಯೊಳಗಿನ ಹೆಸರು ಅಳಿಸದು.

ಮಗ ಇದನ್ನೆಲ್ಲ ಯೂಟ್ಯೂಬಿಗೆ ಹಾಕೋಣ ಎಂದ. ನಾನು ತಡೆದೆ. ಆ ಕ್ಯಾಸೆಟ್ಟುಗಳಲ್ಲಿ ಅತ್ತೆಯವರೊಬ್ಬರೇ ಇಲ್ಲ. ಜೊತೆಗೂಡಿ ಹಾಡಿದವರಲ್ಲಿ ಇಬ್ಬರು ರಾಮನಗರದಲ್ಲಿ ಇನ್ನೂ ಇದ್ದಾರೆ. ಮನೆಯ ಅಂಗಳದಲ್ಲಿ, ಗಂಡಸರಿಲ್ಲದ ಹೊತ್ತಿನಲ್ಲಿ, ನಗುತ್ತ ಹಾಡಿದ ಕೆಲವು ಹಾಡುಗಳು ಜಗತ್ತಿಗೆ ಹಾಡಿದವಲ್ಲ. ಅವರನ್ನು ಕೇಳಬೇಕು, ಕೇಳಿಸಬೇಕು, ಅವರು ಹೂಂ ಎಂದದ್ದು ಮಾತ್ರ ಹೊರಗೆ ಹೋಗಬೇಕು. ಉಳಿಸುವುದು ಬೇರೆ, ಹರಾಜು ಹಾಕುವುದು ಬೇರೆ.

ಹಾಗಾದರೆ ಪೆಟ್ಟಿಗೆ ಬೇಡವೇ? ಬೇಕು. ನ್ಯಾಯವಾಗಿ ಹೇಳಬೇಕಾದ ಒಂದು ಗುಣ ಅದಕ್ಕಿದೆ. ಬಾಡಿಗೆಯ ಸಂಗೀತ ಯಾವ ದಿನ ನಿಲ್ಲುತ್ತದೆಂದು ಹೇಳಲಾಗದು. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು, ವಿಂಕ್ ಮ್ಯೂಸಿಕ್ 2024ರಲ್ಲಿ ಹೋಯಿತು. ಅಲ್ಲಿ ಜೋಡಿಸಿಟ್ಟುಕೊಂಡ ಹಾಡಿನ ಪಟ್ಟಿಗಳಿಗಾಗಿ ಜನ ಪರದಾಡಿದರು. ಸ್ವಂತ ಪೆಟ್ಟಿಗೆಯಲ್ಲಿ ಆ ಅಂಜಿಕೆಯಿಲ್ಲ. ಅದಕ್ಕಿಂತ ದೊಡ್ಡದು, ಕೇಳುವ ಧೈರ್ಯ ಬಂದದ್ದು. ಫೀತೆ ತುಂಡಾದೀತೆಂದು ಹೆದರಿ ಹತ್ತು ವರ್ಷ ಆ ಏಳು ಕ್ಯಾಸೆಟ್ಟುಗಳನ್ನು ಯಾರೂ ಹಚ್ಚಿರಲಿಲ್ಲ. ಈಗ ಅಕ್ಕಿ ಆರಿಸುವಾಗಲೂ ಕೇಳಬಹುದು, ಎಷ್ಟು ಸಲ ಕೇಳಿದರೂ ಸವೆಯುವುದಿಲ್ಲ. ಬಾಯಿಂದ ಬಾಯಿಗೆ ಬಂದ ಹಾಡು ಕಿವಿಗೆ ಬಿದ್ದರೆ ಮಾತ್ರ ಮತ್ತೆ ಬಾಯಿಗೆ ಬರುತ್ತದೆ. ಮುಂಡಗೋಡದ ಟಿಬೇಟಿ ಮಠಗಳಲ್ಲಿ ಎಳೆಯ ಭಿಕ್ಷುಗಳು ಗ್ರಂಥಗಳನ್ನು ಇವತ್ತಿಗೂ ಬಾಯಿಪಾಠ ಮಾಡುತ್ತಾರೆ. ದೇಶ ಬಿಟ್ಟು ಬಂದವರಿಗೆ ನೆನಪೇ ಭದ್ರವಾದ ಉಗ್ರಾಣ ಎಂದು ಗೊತ್ತು.

ನನ್ನ ತೀರ್ಪು ಹೀಗಿದೆ. ಟ್ರಂಕಿನಲ್ಲಿ ಹತ್ತಿಪ್ಪತ್ತು ಕ್ಯಾಸೆಟ್ಟು, ನಾಲ್ಕು ಆಲ್ಬಮ್ಮು ಮಾತ್ರ ಇದ್ದರೆ ಪೆಟ್ಟಿಗೆಯೇ ಬೇಡ. ಎಷ್ಟೋ ರೂಟರುಗಳಲ್ಲಿ ಯುಎಸ್‌ಬಿ ಕಿಂಡಿ ಇರುತ್ತದೆ, ಅದಕ್ಕೊಂದು ಹಾರ್ಡ್ ಡಿಸ್ಕು ಸಿಕ್ಕಿಸಿದರೆ ಟೀವಿಗೂ ಮೊಬೈಲಿಗೂ ಹಾಡು ಬರುತ್ತದೆ. ಮನೆ ತುಂಬ ಜನ, ಎಲ್ಲರ ಫೋಟೋ, ಒಂದಿಷ್ಟು ಸಿನಿಮಾ ಇದ್ದರೆ ಎರಡು ಡಿಸ್ಕಿನ ಪೆಟ್ಟಿಗೆ, ಒಂದೊಂದೂ 4 ಟೆರಾಬೈಟಿನ ಸಿಎಂಆರ್ ಡಿಸ್ಕು, ಜೊತೆಗೊಂದು ಯುಪಿಎಸ್. ಹದಿನಾರರ ಆಸೆ ಬೇಡ. ಮಿಕ್ಕ ಹಣದಲ್ಲಿ ಎರಡು ಬಿಡಿ ಡಿಸ್ಕು ಕೊಳ್ಳಬೇಕು. ಒಂದನ್ನು ತಿಂಗಳಿಗೊಮ್ಮೆ ಜೋಡಿಸಿ ನಕಲು ತೆಗೆದು, ವಾಯರು ಕಿತ್ತು, ಸಿಲಿಕಾ ಪುಡಿಕೆ ಹಾಕಿ ಬಿಗಿಮುಚ್ಚಳದ ಡಬ್ಬಿಯಲ್ಲಿಡಬೇಕು. ಇನ್ನೊಂದು ಬೇರೆ ಊರಿನಲ್ಲಿರಬೇಕು, ಮಗನ ಮನೆಯಲ್ಲೋ ತಂಗಿಯ ಮನೆಯಲ್ಲೋ.

ಪಾಸ್‌ವರ್ಡಿನ ಮಾತು ಕೊನೆಗೆ, ಅದೇ ಮುಖ್ಯವಾದ್ದರಿಂದ. ಹೆಚ್ಚಿನ ಮನೆಗಳಲ್ಲಿ ಪೆಟ್ಟಿಗೆಯ ಪಾಸ್‌ವರ್ಡು ಮಗನದೋ ಗಂಡನದೋ. ಅಟ್ಟದಿಂದ ಇಳಿಸಿದವಳು, ಧೂಳು ಒರೆಸಿದವಳು, ಯಾರ ದನಿ ಯಾವುದೆಂದು ಗುರುತಿಸಿದವಳು ತನ್ನ ಮನೆಯ ಹಾಡಿಗೆ ಇನ್ನೊಬ್ಬರನ್ನು ಕೇಳಿ ಹೋಗಬೇಕು. ಪೆಟ್ಟಿಗೆ ಬಂದ ದಿನವೇ ಎರಡು ಕೀಲಿ ಮಾಡಿಸಿಕೊಳ್ಳಿ. ಹಾಡುಗಳ ಪಟ್ಟಿಯನ್ನೂ ಪಾಸ್‌ವರ್ಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು ರೇಷನ್ ಕಾರ್ಡಿನ ಜೊತೆಗೆ ಇಡಿ. 1955ರಿಂದ ಕಾಗದದ ಗಿರಣಿಯನ್ನು ನೆಚ್ಚಿಕೊಂಡ ಊರಿನ ಪಕ್ಕದಲ್ಲಿ ಇರುವವಳು ನಾನು, ಕಾಗದದ ಪರ ಮಾತಾಡುತ್ತೇನೆಂದು ನೀವು ನಗಬಹುದು. ಆದರೆ ಕರೆಂಟು ಹೋದ ರಾತ್ರಿಯಲ್ಲೂ ಓದಬಹುದಾದದ್ದು ಅದೊಂದೇ.